ಕ್ಯಾಷುವಾಲ್ಟಿಯ ಸಿಸ್ಟರ್ ಓದಲು ಹೊರಟದ್ದು

ನಮ್ಮ ದೇಶದಲ್ಲಿ ಬಹಳ ಕಾಲ ನರ್ಸ್ ಒಬ್ಬಳು ಹೆಚ್ಚು ಓದಿದಷ್ಟೂ ರೋಗಿಯ ಮಂಚದಿಂದ ದೂರವಾಗುತ್ತ ಹೋಗುತ್ತಿದ್ದಳು. ಜನರಲ್ ನರ್ಸಿಂಗ್ ಮುಗಿಸಿದವಳು ವಾರ್ಡಿನಲ್ಲಿ ಇಂಜೆಕ್ಷನ್ ಕೊಡುತ್ತಿದ್ದಳು. ಬಿ.ಎಸ್‌ಸಿ. ಮಾಡಿಕೊಂಡವಳು ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದಳು. ಎಂ.ಎಸ್‌ಸಿ. ಮುಗಿಸಿದವಳಿಗೆ ಮೇಜು, ಕುರ್ಚಿ, ಪ್ರಶ್ನೆಪತ್ರಿಕೆ. ಈ ಮೆಟ್ಟಿಲುಗಳನ್ನೆಲ್ಲ ಹತ್ತಿ ಬಂದವಳು ನಾನು. ಎಂಬತ್ತರ ದಶಕದ ಆರಂಭದಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯ ಪಕ್ಕದ ಒಂದು ಸರ್ಕಾರಿ ಆಸ್ಪತ್ರೆಯ ಕ್ಯಾಷುವಾಲ್ಟಿಗೆ ಸ್ಟಾಫ್ ನರ್ಸ್ ಆಗಿ ಸೇರಿದೆ. ನೌಕರಿ ಮಾಡುತ್ತಲೇ ಓದಿದೆ. ಕೊನೆಗೆ ಬೆಂಗಳೂರಿನಲ್ಲಿ ಪಾಠ ಹೇಳುತ್ತ ನಿವೃತ್ತಳಾದೆ. ಕ್ಯಾಷುವಾಲ್ಟಿಯ ವಿದ್ಯೆಯನ್ನು ಕ್ಯಾಷುವಾಲ್ಟಿಯಲ್ಲೇ ಇದ್ದುಕೊಂಡು ಮೇಲಿನ ಹಂತದವರೆಗೆ ಓದುವ ದಾರಿ ನಮ್ಮ ಕಾಲದಲ್ಲಿ ಇರಲಿಲ್ಲ. ಅದು ತೆರೆದುಕೊಳ್ಳಲು ಏಕೆ ಇಷ್ಟು ತಡವಾಯಿತು ಎಂಬ ಪ್ರಶ್ನೆ ನಿವೃತ್ತಿಯಾದ ಮೇಲೂ ನನ್ನನ್ನು ಬಿಟ್ಟಿಲ್ಲ.

ಆಗಿನ ಕ್ಯಾಷುವಾಲ್ಟಿ ಎಂದರೆ ಗೇಟಿನ ಹತ್ತಿರದ ಒಂದು ಕೋಣೆ. ರೆಕ್ಸಿನ್ ಹೊದಿಸಿದ ಎರಡು ಮಂಚ, ಗೋಡೆಗೆ ಸರಪಳಿ ಹಾಕಿ ನಿಲ್ಲಿಸಿದ ಆಕ್ಸಿಜನ್ ಸಿಲಿಂಡರ್, ಅದನ್ನು ತಿರುಗಿಸುವ ಕೀಲಿ ಸಿಸ್ಟರ್ ಸೊಂಟದಲ್ಲಿ. ಮೂಲೆಯ ಸ್ಟೆರಿಲೈಸರ್‌ನಲ್ಲಿ ಗಾಜಿನ ಸಿರಿಂಜುಗಳು ಸದಾ ಕುದಿಯುತ್ತಿದ್ದವು. ಬಾಗಿಲ ಹೊರಗೆ ಬೆಂಚಿನ ಮೇಲೆ ಎಂ.ಎಲ್.ಸಿ. (ಪೊಲೀಸ್ ಕೇಸಿನ ವೈದ್ಯಕೀಯ ದಾಖಲೆ) ಬರೆಸಿಕೊಳ್ಳಲು ಬಂದ ಕಾನ್‌ಸ್ಟೇಬಲ್. ರಾತ್ರಿ ಡಾಕ್ಟರ್ ಇರುತ್ತಿದ್ದುದು ಕ್ವಾರ್ಟರ್ಸಿನಲ್ಲಿ. ಕೇಸ್ ಬಂದರೆ ಸಿಸ್ಟರ್ ಕಾಲ್ ಬುಕ್ಕಿನಲ್ಲಿ ನಾಲ್ಕು ಸಾಲು ಬರೆದು ವಾರ್ಡ್ ಬಾಯ್ ಕೈಗೆ ಕೊಡುವಳು. ಅವನು ಸೈಕಲ್ ತುಳಿದುಕೊಂಡು ಹೋಗಿ, ಬಾಗಿಲು ಬಡಿದು, ಸಹಿ ಹಾಕಿಸಿಕೊಂಡು ಬರುವನು. ಹಿಂದೆಯೇ ಡಾಕ್ಟರ್ ಬರುವರು.

ಕಾಲ್ ಬುಕ್ ಹೋಗಿ ಡಾಕ್ಟರ್ ಬರುವ ತನಕದ ಆ ಹೊತ್ತಿದೆಯಲ್ಲ, ತುರ್ತು ಶುಶ್ರೂಷೆಯ ಇತಿಹಾಸವೆಲ್ಲ ಅದರೊಳಗೇ ಇದೆ ಎಂದು ನಾನು ನಂಬಿದ್ದೇನೆ. ಅಷ್ಟು ಹೊತ್ತಿನಲ್ಲಿ ಉಸಿರಿನ ದಾರಿ ತೆರೆದಿಡುವವಳು, ರಕ್ತ ನಿಲ್ಲಿಸುವವಳು, ಡ್ರಿಪ್ ಹಾಕುವವಳು, ಈತ ಕಾಯಬಲ್ಲ, ಆಕೆ ಕಾಯಲಾರಳು ಎಂದು ತೀರ್ಮಾನಿಸುವವಳು ನರ್ಸ್. ಆದರೆ ಅವಳು ಓದಿದ ಯಾವ ಪುಸ್ತಕವೂ ಇದನ್ನು ಅವಳ ಕೆಲಸವೆಂದು ಒಪ್ಪಿರಲಿಲ್ಲ. ನಮ್ಮ ಪಠ್ಯದಲ್ಲಿ ಇದ್ದದ್ದು ಪ್ರಥಮ ಚಿಕಿತ್ಸೆ, ಬ್ಯಾಂಡೇಜು ಸುತ್ತುವ ಬಗೆ, ಡಾಕ್ಟರ್ ಬಂದಾಗ ಟ್ರೇ ಹೇಗೆ ಸಿದ್ಧವಿರಬೇಕು ಎಂಬುದು.

ಉಳಿದದ್ದನ್ನು ಕಲಿಸಿದ್ದು ನಮ್ಮ ಇನ್‌ಚಾರ್ಜ್ ಸಿಸ್ಟರ್. ಧಾರವಾಡದ ಕಡೆಯವರು. ಮೆಣಸಿನಕಾಯಿ, ಹತ್ತಿ ಬೆಳೆಯುವ ಸೀಮೆ ನಮ್ಮದು. ಬೆಳೆಗೆ ಹೊಡೆಯುವ ಔಷಧಿ ಕುಡಿದವರನ್ನು ಟ್ರ್ಯಾಕ್ಟರಿನಲ್ಲಿ, ಎತ್ತಿನ ಗಾಡಿಯಲ್ಲಿ ಹೊತ್ತು ತರುತ್ತಿದ್ದರು. "ಅಕ್ಕಾರ, ಹೆಂಗಾರ ಮಾಡಿ ಉಳಿಸ್ರೀ" ಎಂದು ಕಾಲು ಹಿಡಿಯುವ ತಾಯಂದಿರು. ಆ ವಿಷಕ್ಕೆ ಕೊಡುವ ಅಟ್ರೋಪಿನ್ ಇಂಜೆಕ್ಷನ್ ಬರುತ್ತಿದ್ದುದು 0.6 ಮಿಲಿಗ್ರಾಂನ ಪುಟ್ಟ ಆಂಪ್ಯೂಲಿನಲ್ಲಿ. ಒಬ್ಬ ರೋಗಿಗೆ ರಾತ್ರಿಯಿಡೀ ಅವನ್ನು ಒಡೆಯುತ್ತಲೇ ಇರಬೇಕು. ಬೆಳಗಾಗುವಷ್ಟರಲ್ಲಿ ಹೆಬ್ಬೆರಳು, ತೋರುಬೆರಳಿನ ತುದಿಯೆಲ್ಲ ಗಾಜು ತಾಗಿ ಸೀಳಿರುತ್ತಿತ್ತು. ಎಷ್ಟು ಕೊಟ್ಟರೆ ಸಾಕು? ಸಿಸ್ಟರ್ ಹೇಳುತ್ತಿದ್ದರು: "ಕಣ್ಣಿನ ಪಾಪಿ ಒಂದನ್ನ ನಂಬಬ್ಯಾಡ. ಬಗಲಾಗ ಕೈ ಇಟ್ಟು ನೋಡವಾ, ಒಣಗೈತೇನು? ಎದಿಗೆ ಕಿವಿ ಕೊಡು, ಗುರುಗುರು ನಿಂತೈತೇನು?" ಕಂಕುಳು ಒಣಗಬೇಕು, ಪುಪ್ಪುಸದ ನೀರಿನ ಸದ್ದು ನಿಲ್ಲಬೇಕು, ನಾಡಿ ಎಂಬತ್ತು ದಾಟಬೇಕು. ಬಹಳ ವರ್ಷಗಳ ನಂತರ ಎಂ.ಎಸ್‌ಸಿ. ಓದುವಾಗ ಇದೇ ಗುರುತುಗಳನ್ನು ಪುಸ್ತಕದಲ್ಲಿ ಕಂಡೆ. ಡೋಸನ್ನು ಐದು ಐದು ನಿಮಿಷಕ್ಕೆ ಇಮ್ಮಡಿಗೊಳಿಸುತ್ತ ಹೋಗಬೇಕೆಂಬ ಲೆಕ್ಕವೂ ಅದರಲ್ಲಿತ್ತು. ಸಿಸ್ಟರಿಗೆ ಗುರುತು ಗೊತ್ತಿತ್ತು, ಲೆಕ್ಕವನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹಾವಿನ ಕೇಸಿನಲ್ಲೂ ಹೀಗೆಯೇ. ರಕ್ತವನ್ನು ಒಣಗಿದ ಗಾಜಿನ ನಳಿಗೆಯಲ್ಲಿ ಹಾಕಿ 20 ನಿಮಿಷ ಅಲ್ಲಾಡಿಸದೆ ಇಟ್ಟು ಬಗ್ಗಿಸಿ ನೋಡಿದರೆ, ಹೆಪ್ಪುಗಟ್ಟದ ರಕ್ತ ಮಂಡಲದ ಹಾವಿನಂಥದರ ವಿಷವನ್ನು ತೋರಿಸಿಕೊಡುತ್ತದೆ. ಇದಕ್ಕೆ ಯಂತ್ರ ಬೇಡ, ಲ್ಯಾಬ್ ಬೇಡ, ಗಡಿಯಾರ ಇರುವ ಒಬ್ಬ ನರ್ಸ್ ಸಾಕು. ಆದರೆ ನಳಿಗೆಯನ್ನು ಸೋಪಿನ ಪುಡಿಯಲ್ಲಿ ತೊಳೆದಿದ್ದರೆ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಮೋಸ ಮಾಡುತ್ತದೆ. ಪ್ಲಾಸ್ಟಿಕ್ ನಳಿಗೆಯಂತೂ ಕೂಡದೇ ಕೂಡದು. ಅನುಭವ ಇಷ್ಟು ದೂರ ತರುತ್ತದೆ, ಮುಂದಿನದಕ್ಕೆ ಓದು ಬೇಕು. 2007ರಲ್ಲಿ ಹಾವು ಕಡಿತದ ಚಿಕಿತ್ಸೆಗೆ ರಾಷ್ಟ್ರೀಯ ಮಾರ್ಗಸೂಚಿ ಬಂದು ಇದನ್ನೆಲ್ಲ ಬರಹಕ್ಕಿಳಿಸಿತು. ಅದಕ್ಕೂ ಮುಂಚೆ ಕೈಯಿಂದ ಕೈಗೆ ದಾಟಿದ ವಿದ್ಯೆಯಲ್ಲಿ ಏನೇನು ಸರಿಯಿತ್ತು, ಏನೇನು ಕೈತಪ್ಪಿ ಹೋಗಿತ್ತು ಎಂದು ಅಳೆಯುವವರೇ ಇರಲಿಲ್ಲ.

ಮೇಲಿನ ಓದು ನಮ್ಮಲ್ಲಿ ಇರಲೇ ಇಲ್ಲವೆಂದಲ್ಲ. 1946ರಲ್ಲಿಯೇ ದೆಹಲಿಯ ಕಾಲೇಜ್ ಆಫ್ ನರ್ಸಿಂಗ್‌ನಲ್ಲೂ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲೂ ನರ್ಸಿಂಗ್ ಪದವಿ ಶುರುವಾಯಿತು. ದೆಹಲಿಯ ಕಾಲೇಜಿಗೆ ಮುಂದೆ, ಸ್ವತಂತ್ರ ಭಾರತದ ಮೊದಲ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಅವರ ಹೆಸರನ್ನೇ ಇಟ್ಟರು. 1947ರಲ್ಲಿ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಕಾಯ್ದೆ. ಅರವತ್ತರ ದಶಕ ಹುಟ್ಟುವ ಹೊತ್ತಿಗೆ ಅದೇ ದೆಹಲಿ ಕಾಲೇಜಿನಲ್ಲಿ ಎಂ.ಎಸ್‌ಸಿ. ಕೂಡ ಬಂತು. ಇಷ್ಟು ಬೇಗ ಬಂದ ಪದವಿಗಳು ಕ್ಯಾಷುವಾಲ್ಟಿಯ ಬಾಗಿಲಿಗೆ ಏಕೆ ಬರಲಿಲ್ಲ?

ಉತ್ತರ, ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿಯ ವರದಿಯಲ್ಲಿದೆ. 1946ರ ಆ ವರದಿ ಬರೆದ ಹೊತ್ತಿಗೆ ದೇಶದಲ್ಲಿ ಸುಮಾರು 43,000 ಜನಕ್ಕೆ ಒಬ್ಬ ನರ್ಸ್. ಅಂಥ ಬರಗಾಲದಲ್ಲಿ ಓದಿದ ನರ್ಸನ್ನು ಮಂಚದ ಪಕ್ಕ ನಿಲ್ಲಿಸಿದರೆ ಆಕೆ ಒಬ್ಬಳೇ, ಸ್ಕೂಲಿಗೆ ಕಳಿಸಿದರೆ ನೂರು ಜನರನ್ನು ತಯಾರು ಮಾಡುತ್ತಾಳೆ. ಆದ್ದರಿಂದ ಪದವಿ ಎಂದರೆ ಟ್ಯೂಟರ್, ಸ್ನಾತಕೋತ್ತರ ಪದವಿ ಎಂದರೆ ಪ್ರಿನ್ಸಿಪಾಲ್ ಎಂದಾಯಿತು. ಆ ತೀರ್ಮಾನ ಆ ಕಾಲಕ್ಕೆ ಸರಿಯೇ ಇತ್ತು. ಬರಗಾಲ ಕಳೆದು, ನಮ್ಮ ಕರ್ನಾಟಕದಲ್ಲಿ ಓಣಿಗೊಂದು ನರ್ಸಿಂಗ್ ಕಾಲೇಜು ಎದ್ದ ಮೇಲೂ ಆ ರೂಢಿ ಬದಲಾಗದೆ ಉಳಿದದ್ದು ತಪ್ಪು.

ಒಂದು ಅಪವಾದ ನಮ್ಮ ಬೆಂಗಳೂರಿನಲ್ಲೇ ಇತ್ತು, ಅದನ್ನು ಹೆಮ್ಮೆಯಿಂದ ಹೇಳಬೇಕು. 1954ರಲ್ಲಿ ಇಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು, ಇಂದಿನ ನಿಮ್ಹಾನ್ಸ್. ಐವತ್ತರ ದಶಕದಲ್ಲೇ ಅಲ್ಲಿ ಮನೋರೋಗ ಶುಶ್ರೂಷೆಯ ಡಿಪ್ಲೊಮಾ ಬಂತು. ಬೇರೆ ಬೇರೆ ರಾಜ್ಯಗಳಿಂದ ಕೆಲಸದಲ್ಲಿದ್ದ ನರ್ಸುಗಳು ಡೆಪ್ಯುಟೇಶನ್ ಮೇಲೆ ಬಂದು, ವಾರ್ಡುಗಳಲ್ಲೇ ಕಲಿತು, ತಮ್ಮ ಆಸ್ಪತ್ರೆಗಳಿಗೆ ಮರಳುತ್ತಿದ್ದರು. ಕೆಲಸದಲ್ಲಿರುವ ನರ್ಸಿಗೆ ಅವಳ ಕೆಲಸದಲ್ಲೇ ಆಳವಾದ ಓದು ಕೊಡಬಹುದೆಂದು ನಿಮ್ಹಾನ್ಸ್ ತೋರಿಸಿತು. ಮನೋರೋಗಕ್ಕೆ ಸಿಕ್ಕ ಮಾನ್ಯತೆ ತುರ್ತು ಚಿಕಿತ್ಸೆಗೆ ಸಿಗದಿದ್ದುದಕ್ಕೆ ಕಾರಣ ಸರಳ. ಅಲ್ಲಿ ಒಂದು ವಿಭಾಗವಿತ್ತು, ಅದಕ್ಕೊಬ್ಬ ಮುಖ್ಯಸ್ಥರಿದ್ದರು. ಕ್ಯಾಷುವಾಲ್ಟಿ ಯಾರ ಮನೆಯೂ ಆಗಿರಲಿಲ್ಲ. ಮೆಡಿಸಿನ್‌ನವರು ಬಂದು ನೋಡಿ ಹೋಗುವರು, ಸರ್ಜರಿಯವರು ಬಂದು ನೋಡಿ ಹೋಗುವರು. ನರ್ಸುಗಳನ್ನೂ ಮೂರು ತಿಂಗಳು, ಆರು ತಿಂಗಳಿಗೆ ಪಾಳಿ ಹಾಕಿ ಕಳಿಸುವರು.

ಇದರ ಬೆಲೆ ಏನೆಂದು 1981 ತೋರಿಸಿತು. ಅದು ಬೆಂಗಳೂರಿನ ಆಸ್ಪತ್ರೆಗಳಿಗೆ ಬೆಂಕಿಯ ವರ್ಷ. ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. ಸತ್ತವರು ತೊಂಬತ್ತಕ್ಕೂ ಹೆಚ್ಚು, ಅವರಲ್ಲಿ ಬಹುಪಾಲು ಮಕ್ಕಳು. ಆ ಗಾಯ ಆರುವ ಮುನ್ನ ಜುಲೈ ತಿಂಗಳಲ್ಲಿ ಕಳ್ಳಭಟ್ಟಿ ದುರಂತ. ಮೆಥನಾಲ್ ಬೆರೆತ ಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಎರಡೇ ವರ್ಷಕ್ಕೆ, 1983ರ ಸೆಪ್ಟೆಂಬರಿನಲ್ಲಿ, ಗಂಗಾರಾಮ್ ಕಟ್ಟಡ ಕುಸಿಯಿತು. ಆ ದಿನಗಳಲ್ಲಿ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಗೆಳತಿಯರ ಬಾಯಲ್ಲಿ ಕೇಳಿದ ಮಾತುಗಳು ನನಗೆ ಇಂದಿಗೂ ಪಾಠವೇ. ಸುಟ್ಟ ಮಗು ಕಿರುಚುತ್ತಿದ್ದರೆ ಅದರ ಉಸಿರಿನ ದಾರಿ ಸದ್ಯಕ್ಕೆ ತೆರೆದಿದೆ ಎಂದರ್ಥ. ಮೂಗಿನ ಕೂದಲು ಸುಟ್ಟು, ದನಿ ಗೊಗ್ಗರಾಗಿ, ಸುಮ್ಮನೆ ಮಲಗಿರುವ ಮಗುವನ್ನು ಮೊದಲು ಒಳಗೆ ಒಯ್ಯಬೇಕು. ಆದರೆ ಜನಜಂಗುಳಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಕಿರುಚುವವರೇ. ಮೆಥನಾಲ್ ಕುಡಿದವನೂ ಹಾಗೆಯೇ. ಮೊದಲ ದಿನ ಬರೀ ನಶೆಯಲ್ಲಿರುವಂತೆ ಕಾಣುತ್ತಾನೆ, ನಡೆದುಕೊಂಡೇ ಬರುತ್ತಾನೆ. ಕಣ್ಣು ಮಂಜಾಗಿದೆ ಎಂದು ಅವನು ಹೇಳುವಾಗ ಆ ಮಾತಿನ ತೂಕ ಕೇಳಿಸಿಕೊಂಡವರಿಗೆ ಗೊತ್ತಿರಬೇಕು. ಯಾರು ಮೊದಲು, ಯಾರು ಆಮೇಲೆ ಎಂದು ವಿಂಗಡಿಸುವ ಟ್ರಯಾಜ್ ವಿದ್ಯೆ, ಕೆಂಪು, ಹಳದಿ, ಹಸಿರು, ಕಪ್ಪು ಪಟ್ಟಿಗಳು, ಇವೆಲ್ಲ ಪ್ರಪಂಚದಲ್ಲಿ ಆಗಲೇ ಇದ್ದವು. ನಮ್ಮ ಬಾಗಿಲುಗಳಲ್ಲಿ ನಿಂತವರಿಗೆ ಅವನ್ನು ಯಾರೂ ಕಲಿಸಿರಲಿಲ್ಲ.

ಹೊರದೇಶಗಳಲ್ಲಿ ಈ ಕಲಿಕೆಯನ್ನು ಕಟ್ಟಿದ್ದು ನರ್ಸುಗಳೇ. ಅಮೆರಿಕದ ಬಫೆಲೋ ಊರಿನ ಅನಿತಾ ಡಾರ್ ಎಂಬಾಕೆಯನ್ನು ನನ್ನ ವಿದ್ಯಾರ್ಥಿಗಳಿಗೆ ತಪ್ಪದೆ ಪರಿಚಯಿಸುತ್ತಿದ್ದೆ. ಎರಡನೇ ಮಹಾಯುದ್ಧದಲ್ಲಿ ಸೈನ್ಯದ ನರ್ಸ್ ಆಗಿದ್ದವರು. ತುರ್ತು ಕೋಣೆಯಲ್ಲಿ ಒಂದೊಂದು ಔಷಧಿ ಹುಡುಕಿ ತರುವಷ್ಟರಲ್ಲಿ ಜೀವ ಹೋಗುತ್ತದೆಂದು ಅರಿತು, ಅರವತ್ತರ ದಶಕದ ಕೊನೆಯಲ್ಲಿ ತಮ್ಮ ಸಿಬ್ಬಂದಿಯೊಂದಿಗೆ ಬೇಕಾದ್ದೆಲ್ಲವನ್ನೂ ಪಟ್ಟಿ ಮಾಡಿದರು. ಚಕ್ರದ ಮೇಲೆ ಓಡುವ ಒಂದು ಪೆಟ್ಟಿಗೆಯ ನಕ್ಷೆ ತಯಾರಾಯಿತು. ಮೊದಲ ಮಾದರಿಯನ್ನು ಕಟ್ಟಿಕೊಟ್ಟದ್ದು ಅವರ ಗಂಡ. ಇವತ್ತು ನಮ್ಮ ಪ್ರತಿ ಐ.ಸಿ.ಯು.ನಲ್ಲಿ ನಿಂತಿರುವ ಕ್ರ್ಯಾಶ್ ಕಾರ್ಟಿನ ಪೂರ್ವಜ ಅದು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಜುಡಿತ್ ಕೆಲ್ಲೆಹರ್ ಎಂಬ ಇನ್ನೊಬ್ಬ ನರ್ಸ್ ತನ್ನ ಕಡೆಯ ತುರ್ತು ನರ್ಸುಗಳನ್ನು ಒಟ್ಟುಗೂಡಿಸುತ್ತಿದ್ದರು. 1970ರಲ್ಲಿ ಇಬ್ಬರೂ ಸೇರಿ ತುರ್ತು ವಿಭಾಗದ ನರ್ಸುಗಳ ಸಂಘವನ್ನು ಹುಟ್ಟುಹಾಕಿದರು. ಹತ್ತು ವರ್ಷದಲ್ಲಿ, 1980ಕ್ಕೆ, ತಮ್ಮದೇ ಪ್ರಮಾಣ ಪರೀಕ್ಷೆ ಶುರುಮಾಡಿದರು.

ನಮ್ಮಲ್ಲಿ ದಾರಿ ಸ್ವಲ್ಪ ಸುಗಮ ಮಾಡಿದ್ದು ನ್ಯಾಯಾಲಯ. 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗಾಯಾಳುವಿನ ಜೀವ ಉಳಿಸುವುದು ಮೊದಲು, ಪೊಲೀಸ್ ಕಾಗದಪತ್ರ ಆಮೇಲೆ ಎಂದು ತೀರ್ಪು ಕೊಟ್ಟಿತು. ಹೊರಗಿನವರಿಗೆ ಇದು ಕಾನೂನಿನ ಮಾತು. ನಮಗೆ ಅದು ದಿನದಿನದ ಸಂಕಟದ ಬಿಡುಗಡೆ. ಅಪಘಾತದ ಕೇಸಿನ ರಕ್ತ ನಿಲ್ಲಿಸಲು ಕೈ ಹಾಕುವಾಗ ಕಾನ್‌ಸ್ಟೇಬಲ್ ಮುಖ ನೋಡುವ ಅಭ್ಯಾಸ ನಿಧಾನವಾಗಿ ಹೋಯಿತು. 1990ರ ಫೆಬ್ರವರಿ 14ರಂದು ಬೆಂಗಳೂರಿನ ಎಚ್.ಎ.ಎಲ್. ನಿಲ್ದಾಣದ ಬಳಿ ಗಾಲ್ಫ್ ಮೈದಾನದ ಹತ್ತಿರ ಇಂಡಿಯನ್ ಏರ್‌ಲೈನ್ಸ್ ವಿಮಾನ ಬಿದ್ದು, 146 ಜನರಲ್ಲಿ 92 ಮಂದಿ ಸತ್ತಾಗ, ದೊಡ್ಡ ದುರಂತಕ್ಕೆ ಮೊದಲೇ ತಯಾರಾಗಿರಬೇಕೆಂಬ ಮಾತು ಆಸ್ಪತ್ರೆಗಳ ಸಭೆಗಳಲ್ಲಿ ಗಟ್ಟಿಯಾಗಿ ಕೇಳಿಬಂತು.

ತೊಂಬತ್ತರ ದಶಕದಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ನೌಕರಿಯಲ್ಲಿರುವ ನರ್ಸುಗಳಿಗೆ ದೂರಶಿಕ್ಷಣದಲ್ಲಿ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ತೆರೆಯಿತು. ಕೆಲಸ ಬಿಡದೆ ಓದಬಹುದೆಂಬ ಸುದ್ದಿಯೇ ನಮಗೆ ಹಬ್ಬ. ನಾನೂ ಸೇರಿಕೊಂಡೆ. ಅಂಚೆಯಲ್ಲಿ ಬರುವ ಪುಸ್ತಕಗಳ ಕಟ್ಟು, ನೈಟ್ ಡ್ಯೂಟಿಯಲ್ಲಿ ಎರಡು ಕೇಸಿನ ನಡುವೆ ಬರೆದ ಅಸೈನ್‌ಮೆಂಟು, ಸಂಪರ್ಕ ತರಗತಿಗೆ ರಜೆ ಹೊಂದಿಸಲು ಸಹೋದ್ಯೋಗಿಗಳೊಂದಿಗೆ ಮಾಡಿಕೊಂಡ ಡ್ಯೂಟಿ ಅದಲುಬದಲು. ಚಿಕ್ಕ ಮಕ್ಕಳನ್ನು ಅತ್ತೆಯ ಬಳಿ ಬಿಟ್ಟು ಬಸ್ ಹತ್ತಿದ ಎಷ್ಟು ಹೆಣ್ಣುಮಕ್ಕಳು ನನ್ನ ಜೊತೆ ಆ ತರಗತಿಯಲ್ಲಿದ್ದರು! ಒಬ್ಬರ ಪುಸ್ತಕದ ಅಂಚಿನಲ್ಲಿ ಅಯೋಡಿನ್ ಕಲೆ, ಇನ್ನೊಬ್ಬರ ಪುಸ್ತಕದಲ್ಲಿ ಮಗುವಿನ ಗೀಚು. ಅವರಷ್ಟು ಹಸಿವಿನಿಂದ ಓದಿದವರನ್ನು ನಾನು ಆಮೇಲೆ ಯಾವ ಕಾಲೇಜಿನಲ್ಲೂ ಕಂಡಿಲ್ಲ. ಆದರೂ ನಾವು ಓದಿದ್ದು ಸಾಮಾನ್ಯ ಪದವಿ. ಅಟ್ರೋಪಿನ್ ಆಂಪ್ಯೂಲಿನಿಂದ ಬೆರಳು ಕೊಯ್ದುಕೊಂಡ ರಾತ್ರಿಗಳಿಗೆ ಅದರಲ್ಲಿ ಒಂದು ಅಧ್ಯಾಯವೂ ಇರಲಿಲ್ಲ.

ಕ್ಯಾಷುವಾಲ್ಟಿಗೆ ಸ್ವಂತ ಮನೆ ಸಿಕ್ಕದ್ದು 2009ರಲ್ಲಿ. ಭಾರತೀಯ ವೈದ್ಯಕೀಯ ಪರಿಷತ್ತು ಎಮರ್ಜೆನ್ಸಿ ಮೆಡಿಸಿನ್ ಅನ್ನು ಪ್ರತ್ಯೇಕ ವಿಶೇಷ ವಿಭಾಗವೆಂದು ಒಪ್ಪಿಕೊಂಡಿತು. ಅದಕ್ಕೆ ಸ್ವಲ್ಪ ಮುಂಚೆ, 2008ರ ಕನ್ನಡ ರಾಜ್ಯೋತ್ಸವದ ದಿನ, ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ 'ಆರೋಗ್ಯ ಕವಚ' ಓಡಲು ಶುರುವಾಗಿತ್ತು. ನರ್ಸಿಂಗ್ ಓದಿದ ಎಷ್ಟೋ ಹುಡುಗರು ಅದರಲ್ಲಿ ಕೆಲಸಕ್ಕೆ ಸೇರಿದರು. ಎತ್ತಿನ ಗಾಡಿಯಲ್ಲಿ ಬರುತ್ತಿದ್ದ ರೋಗಿ ಈಗ ಆಕ್ಸಿಜನ್ ಹಾಕಿಸಿಕೊಂಡು, ಡ್ರಿಪ್ ಏರಿಸಿಕೊಂಡು ಬರತೊಡಗಿದ. ಒಳಗೆ ಕಾದು ನಿಂತವರಿಗೂ ಅದಕ್ಕೆ ತಕ್ಕ ವಿದ್ಯೆ ಬೇಕಾಯಿತು.

ನರ್ಸಿಂಗ್ ಕೌನ್ಸಿಲ್ ಎರಡು ದಾರಿ ತೆರೆಯಿತು. ಮೊದಲನೆಯದು ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ, 'ತುರ್ತು ಮತ್ತು ವಿಪತ್ತು ಶುಶ್ರೂಷೆ'. ನೋಂದಾಯಿತ ನರ್ಸ್ ಆಗಿ ಒಂದು ವರ್ಷ ಕೆಲಸ ಮಾಡಿದವರು ಸೇರಬಹುದು. ಎರಡನೆಯದನ್ನು ನಾನು ನಮ್ಮ ನರ್ಸಿಂಗ್ ಚರಿತ್ರೆಯ ತಿರುವು ಎನ್ನುತ್ತೇನೆ: 2016–17ರ ಹೊತ್ತಿಗೆ ಬಂದ 'ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್' ಎಂಬ ಎರಡು ವರ್ಷದ ಸ್ನಾತಕೋತ್ತರ ರೆಸಿಡೆನ್ಸಿ. ಬಿ.ಎಸ್‌ಸಿ. ಮುಗಿಸಿ ಕೆಲಸದ ಅನುಭವವಿರುವವರಿಗೆ ಮಾತ್ರ ಪ್ರವೇಶ. ತರಗತಿಯ ಪಾಠ ಐದರಲ್ಲೊಂದು ಪಾಲಿಗಿಂತ ಹೆಚ್ಚಿಲ್ಲ. ಉಳಿದದ್ದೆಲ್ಲ ರೋಗಿಯ ಪಕ್ಕದಲ್ಲಿ, ಡ್ಯೂಟಿಯಲ್ಲೇ. ಡಾಕ್ಟರಾಗುವವರು ಪಿ.ಜಿ. ಮಾಡುವಾಗ ಹೇಗೆ ವಾರ್ಡನ್ನೇ ಶಾಲೆ ಮಾಡಿಕೊಳ್ಳುತ್ತಾರೋ ನರ್ಸಿಗೂ ಹಾಗೆಯೇ. ರೋಗಿಯನ್ನು ತಲೆಯಿಂದ ಕಾಲಿನವರೆಗೆ ಪರೀಕ್ಷಿಸುವುದು, ಇ.ಸಿ.ಜಿ., ಎ.ಬಿ.ಜಿ. (ರಕ್ತದ ಅನಿಲಗಳ ಪರೀಕ್ಷೆ) ಓದಿ ಅರ್ಥ ಹೇಳುವುದು, ವೆಂಟಿಲೇಟರ್ ಹೊಂದಿಸುವುದು, ಲಿಖಿತ ನಿಯಮಾವಳಿಯ ಚೌಕಟ್ಟಿನಲ್ಲಿ ಔಷಧಿ ಶುರುಮಾಡುವುದು. ಮಾಡಿದ ಒಂದೊಂದು ಕೆಲಸವೂ ಲಾಗ್ ಬುಕ್ಕಿನಲ್ಲಿ ದಾಖಲಾಗಿ ಸಹಿ ಬೀಳಬೇಕು. 2017ರ ರಾಷ್ಟ್ರೀಯ ಆರೋಗ್ಯ ನೀತಿ ನರ್ಸ್ ಪ್ರಾಕ್ಟೀಷನರ್‌ಗಳು ಬೇಕೆಂದು ಬರೆದೇ ಹೇಳಿತು. 1946ರಿಂದ ಓದು ನರ್ಸನ್ನು ಮಂಚದ ಪಕ್ಕದಿಂದ ಎಬ್ಬಿಸಿ ಕರೆದೊಯ್ಯುತ್ತಿತ್ತು. ಈ ಕೋರ್ಸಿನಲ್ಲಿ ಮೊದಲ ಬಾರಿಗೆ ಸ್ನಾತಕೋತ್ತರ ಓದೇ ಮಂಚದ ಬಳಿಗೆ ಬಂದು ಕೂತಿತು.

ನಿವೃತ್ತಿಗೆ ಮುಂಚೆ ಇಂಥ ಓದಿಗೆ ಬಂದ ಕೆಲವು ಹುಡುಗಿಯರೊಂದಿಗೆ ಒಡನಾಡುವ ಭಾಗ್ಯ ನನಗೆ ಸಿಕ್ಕಿತು. ಒಬ್ಬಳು ಬೆಳಗಿನ ರೌಂಡ್ಸಿನಲ್ಲಿ, ಔಷಧಿ ಕುಡಿದು ಬಂದ ರೈತನೊಬ್ಬನ ಅಟ್ರೋಪಿನ್ ಚಾರ್ಟನ್ನು ಹಿರಿಯ ಡಾಕ್ಟರ ಮುಂದಿಟ್ಟು, ರಾತ್ರಿ ಯಾವ ಗಳಿಗೆಯಲ್ಲಿ ಡೋಸ್ ಇಮ್ಮಡಿಸಿದಳು, ಯಾವಾಗ ನಿಲ್ಲಿಸಿ ಇನ್ಫ್ಯೂಷನ್‌ಗೆ ಇಳಿಸಿದಳು, ಏಕೆ ಎಂದು ಕಾರಣ ಸಹಿತ ವಿವರಿಸಿದಳು. ಡಾಕ್ಟರು ಪ್ರಶ್ನೆ ಕೇಳಿದರು, ಅವಳು ಉತ್ತರಿಸಿದಳು. ನರ್ಸ್ ಹೇಳುವುದನ್ನು ರೌಂಡ್ಸಿನಲ್ಲಿ ಎಲ್ಲರೂ ನಿಂತು ಕೇಳಿದ್ದನ್ನು ನಾನು ನನ್ನ ಸೇವೆಯಲ್ಲಿ ನೋಡಿದ್ದು ಬಹಳ ಕಡಿಮೆ.

ಕೊರೋನಾ ಬಂದಾಗ ಈ ಓದಿನ ಬೆಲೆ ಎಲ್ಲರಿಗೂ ತಿಳಿಯಿತು. ವೆಂಟಿಲೇಟರ್‌ಗಳು ಪೆಟ್ಟಿಗೆಯಲ್ಲಿ ಬಂದವು, ನಡೆಸಬಲ್ಲವರು ಪೆಟ್ಟಿಗೆಯಲ್ಲಿ ಬರುವುದಿಲ್ಲ. 2023ರಲ್ಲಿ ಹಳೆಯ 1947ರ ಕಾಯ್ದೆಯ ಜಾಗಕ್ಕೆ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಯೂ ಬಂದಿದೆ.

ಆದರೆ ಓದಿ ಮುಗಿಸಿದವರು ಮರಳಿ ಹೋಗುವ ಜಾಗ ಇನ್ನೂ ಸಿದ್ಧವಾಗಿಲ್ಲ. ಜಿಲ್ಲಾ ಆಸ್ಪತ್ರೆಯೊಂದರಿಂದ ಬಂದ ವಿದ್ಯಾರ್ಥಿನಿ ನನ್ನನ್ನು ಕೇಳಿದ್ದಳು: "ಮೇಡಂ, ನಾನು ವಾಪಸ್ ಹೋದ ಮೇಲೆ ರೊಟೇಶನ್ ಅಂತ ಕಣ್ಣಿನ ವಾರ್ಡಿಗೆ ಹಾಕಿದರೆ?" ಅವಳ ಭಯ ಸುಳ್ಳಲ್ಲ. ಸ್ಟಾಫ್ ನರ್ಸ್ ಎಂಬ ಹೆಸರು ಶುಶ್ರೂಷಾಧಿಕಾರಿ ಎಂದಾಗಿದೆ, ಆದರೆ ತುರ್ತು ಶುಶ್ರೂಷೆಯಲ್ಲಿ ಪರಿಣತಿ ಪಡೆದವಳಿಗೆ ಬೇರೆ ಹುದ್ದೆ, ಬೇರೆ ವೇತನಶ್ರೇಣಿ, ನಿಯಮಾವಳಿಯಡಿ ಔಷಧಿ ಶುರುಮಾಡಲು ಕಾನೂನಿನ ಸ್ಪಷ್ಟ ರಕ್ಷಣೆ ಗಟ್ಟಿಯಾಗಿ ಬಂದಿಲ್ಲ. ಹೆದ್ದಾರಿಯ ಪಕ್ಕದ ಪ್ರತಿ ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗದಲ್ಲಿ, ಮೂರೂ ಪಾಳಿಗೆ, ಹೀಗೆ ಓದಿದ ಒಬ್ಬೊಬ್ಬ ನರ್ಸ್ ಇರಬೇಕು. ಅವಳನ್ನು ಅಲ್ಲಿಂದ ಕದಲಿಸಬಾರದು. ಓದುವ ಎರಡು ವರ್ಷ ಅವಳ ಸಂಬಳ ಮನೆಗೆ ತಪ್ಪದೆ ತಲುಪಬೇಕು. ಆ ವಿದ್ಯಾರ್ಥಿನಿಗೆ ನಾನು ಕೊಟ್ಟ ಉತ್ತರ ಇದೇ. ಇದನ್ನೇ ಇಲಾಖೆಗೆ ಕಳಿಸುವ ಅರ್ಜಿಯಾಗಿ ಅವಳ ಜೊತೆ ಕೂತು ಬರೆಸಿದೆ, ಮೊದಲ ಸಹಿ ನಾನೇ ಹಾಕಿದೆ.